ಡೇವಿಡ್ ಎ. ಹಫ್‌ಮನ್

ಡೇವಿಡ್ ಆಲ್ಬರ್ಟ್ ಹಫ್‌ಮನ್ (ಆಗಸ್ಟ್ 9, 1925 – ಅಕ್ಟೋಬರ್ 7, 1999) ಅಮೆರಿಕದ ಗಣಕವಿಜ್ಞಾನಿ. ದತ್ತಾಂಶವನ್ನು ಕುಗ್ಗಿಸುವ ‘ಹಫ್‌ಮನ್ ಸಂಕೇತ’ ಇವರದು. ಓಹಿಯೊದಲ್ಲಿ ಜನಿಸಿ, ಅಲ್ಲಿಯೇ ಎಂಜಿನಿಯರಿಂಗ್ ಪದವಿ ಪಡೆದು, ನೌಕಾಪಡೆಯಲ್ಲಿ ಸೇವೆ ಸಲ್ಲಿಸಿದ ಬಳಿಕ ಎಂಐಟಿ ಸೇರಿದರು.

1951ರಲ್ಲಿ ಪ್ರಾಧ್ಯಾಪಕ ರಾಬರ್ಟ್ ಫ್ಯಾನೊ ವಿದ್ಯಾರ್ಥಿಗಳಿಗೆ ಅಂತಿಮ ಪರೀಕ್ಷೆ ಇಲ್ಲವೇ ಪ್ರಬಂಧ ಎಂಬ ಆಯ್ಕೆ ನೀಡಿದರು. ಸಂದೇಶವನ್ನು ಅತಿ ಕಡಿಮೆ ಬಿಟ್‌ಗಳಲ್ಲಿ ಬರೆಯುವ ಬಗೆಯೇ ಪ್ರಬಂಧದ ವಿಷಯ. ತಮಗಾಗಲಿ ಕ್ಲಾಡ್ ಶಾನನ್‌ರಿಗಾಗಲಿ ಅದು ಬಗೆಹರಿದಿಲ್ಲವೆಂಬುದನ್ನು ಫ್ಯಾನೊ ತಿಳಿಸಿರಲಿಲ್ಲ. ತಿಳಿಸಿದ್ದರೆ ಹಫ್‌ಮನ್ ಅದಕ್ಕೆ ಕೈಹಾಕುತ್ತಿದ್ದರೋ ಇಲ್ಲವೋ! ತಿಂಗಳುಗಟ್ಟಲೆ ಹೆಣಗಿ, ಸೋತು, ಟಿಪ್ಪಣಿಗಳನ್ನು ಕಸದ ಬುಟ್ಟಿಗೆ ಹಾಕಿ ಪರೀಕ್ಷೆಗೆ ಓದಲು ಹೊರಟಾಗ ಉತ್ತರ ಹೊಳೆಯಿತು. ಫ್ಯಾನೊ ಚಿಹ್ನೆಗಳ ಗುಂಪನ್ನು ಮೇಲಿನಿಂದ ಒಡೆಯುತ್ತ ಬಂದಿದ್ದರು. ಹಫ್‌ಮನ್ ಅತಿ ವಿರಳವಾದ ಎರಡನ್ನು ಜೋಡಿಸುತ್ತ ಕೆಳಗಿನಿಂದ ಮೇಲೇರಿದರು. ಹೀಗೆ ಪದೇ ಪದೇ ಬರುವ ಚಿಹ್ನೆಗೆ ಗಿಡ್ಡ ಸಂಕೇತ, ಅಪರೂಪದ್ದಕ್ಕೆ ಉದ್ದ ಸಂಕೇತ ದೊರೆಯಿತು. ಪ್ರಬಂಧ 1952ರಲ್ಲಿ ಪ್ರಕಟವಾಯಿತು. ಅದಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ.

ಜೆಪೆಗ್ ಚಿತ್ರಗಳಲ್ಲಿಯೂ ಎಂಪೆಗ್-2 ವಿಡಿಯೊದಲ್ಲಿಯೂ ಈ ಬಗೆಯ ಸಂಕೇತಗಳಿವೆ. ಜಾಲದ ಸಾಮರ್ಥ್ಯಕ್ಕೆ ತಕ್ಕಂತೆ ವಿಡಿಯೊದ ಗುಣಮಟ್ಟವನ್ನು ತಗ್ಗಿಸಿದಾಗ ಸೂಕ್ಷ್ಮ ವಿವರಗಳು ಅಳಿಸಿಹೋಗುವುದು ಇದಕ್ಕೂ ಹಿಂದಿನ ಹಂತದಲ್ಲಿ. ಹಫ್‌ಮನ್‌ರ ಹಂತದಲ್ಲಿ ಗಾತ್ರ ಕುಗ್ಗುತ್ತದೆ, ಮಾಹಿತಿ ಒಂದಿಷ್ಟೂ ನಷ್ಟವಾಗುವುದಿಲ್ಲ.

1967ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಕೇಂದ್ರಕ್ಕೆ ತೆರಳಿ, ಗಣಕವಿಜ್ಞಾನ ವಿಭಾಗವನ್ನು ಕಟ್ಟಿದರು. ಕಾಗದವನ್ನು ವಕ್ರರೇಖೆಯಲ್ಲಿ ಮಡಿಸುವ ಗಣಿತವೂ ಅವರಿಗೆ ಪ್ರಿಯವಾಗಿತ್ತು. 1999ರಲ್ಲಿ ಹ್ಯಾಮಿಂಗ್ ಪದಕ ಸಂದಿತು. ಅದೇ ವರ್ಷ ಕ್ಯಾನ್ಸರ್‌ನಿಂದ ನಿಧನರಾದರು.