ಎಂಟು ಗಂಟೆಗಳ ವೈಮಾನಿಕ

ಅಟ್ಲಾಂಟಿಕ್ ಮಹಾಸಾಗರವನ್ನು ಒಬ್ಬಂಟಿಗನಾಗಿ, ನಡುವೆ ಎಲ್ಲಿಯೂ ಇಳಿಯದೆ ಹಾರಿ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗನ ಹೆಸರನ್ನು ಕೇಳದ ವಾಚಕರು ವಿರಳ. 1927ನೆಯ ಇಸವಿಯ ಮೇ 20ರಂದು ನ್ಯೂಯಾರ್ಕಿನಿಂದ ಹೊರಟು, ಮೂವತ್ತಮೂರೂವರೆ ಗಂಟೆಗಳ ತರುವಾಯ ಪ್ಯಾರಿಸ್ಸಿನಲ್ಲಿಳಿದ ಆತನನ್ನು ಜಗತ್ತೇ ಕೊಂಡಾಡಿತು. ಆದರೆ ಅದಕ್ಕೆ ಐದು ವರ್ಷ ಹಿಂದೆ ಆತನನ್ನು ಒಬ್ಬನನ್ನೇ ವಿಮಾನದಲ್ಲಿ ಹಾರಲು ಬಿಡುವವರು ಯಾರೂ ಇರಲಿಲ್ಲವೆಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ. ನಾವು ಹೇಳಹೊರಟಿರುವುದು ಆ ಐದು ವರ್ಷಗಳ ಮಾತನ್ನು.

ಹೇಳುವುದಕ್ಕೆ ಕಾರಣವುಂಟು. ನಮ್ಮ ದೇಶದಲ್ಲಿ ಇಂದು ವೃತ್ತಿ ವೈಮಾನಿಕನ ಲೈಸೆನ್ಸು ಪಡೆಯಲು 200 ಗಂಟೆಗಳ ಹಾರಾಟ ಬೇಕು. ಎಷ್ಟೋ ತಂದೆತಾಯಿಗಳು ಸಾಲಸೋಲ ಮಾಡಿ ಆ ಗಂಟೆಗಳನ್ನು ಮಕ್ಕಳಿಗೆ ಕೊಂಡುಕೊಡುತ್ತಾರೆ. ಲೈಸೆನ್ಸು ಕೈಸೇರಿದ ಮೇಲೆ ಕಂಪೆನಿಗಳ ಬಾಗಿಲಲ್ಲಿ ದೊರೆಯುವ ಉತ್ತರವು ಅನುಭವ ಸಾಲದು ಎಂಬುದು. ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ. ಈ ಗಂಟು ಇಂದಿನದಲ್ಲ.

ಲಿಂಡ್‌ಬರ್ಗನು 1902ರ ಫೆಬ್ರವರಿ 4ರಂದು ಡೆಟ್ರಾಯಿಟ್ ನಗರದಲ್ಲಿ ಜನಿಸಿ, ಮಿನೆಸೋಟ ಸಂಸ್ಥಾನದ ಲಿಟಲ್ ಫಾಲ್ಸ್ ಎಂಬ ಊರಿನಲ್ಲಿ ಬೆಳೆದನು. ತಂದೆಯು ಹತ್ತು ವರ್ಷ ಅಮೆರಿಕೆಯ ಪ್ರತಿನಿಧಿ ಸಭೆಯ ಸದಸ್ಯನಾಗಿದ್ದವನು. ಮಗನಿಗೆ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ವ್ಯಾಸಂಗವು ರುಚಿಸಲಿಲ್ಲ. 1922ರಲ್ಲಿ ಅದನ್ನು ತೊರೆದು, ನೆಬ್ರಾಸ್ಕದ ಲಿಂಕನ್ ನಗರದಲ್ಲಿ ವಿಮಾನ ಕಂಪೆನಿಯೊಂದರ ಶಾಲೆಯನ್ನು ಸೇರಿದನು. ಏಪ್ರಿಲ್ 9ರಂದು ಮೊದಲ ಬಾರಿಗೆ ಆಕಾಶಕ್ಕೇರಿದನು. ಸುಮಾರು ಎಂಟು ಗಂಟೆಗಳ ಪಾಠವಾಗುವಷ್ಟರಲ್ಲಿ ಶಾಲೆಯವರು ತಮ್ಮ ಶಿಕ್ಷಣದ ವಿಮಾನವನ್ನೇ ಮಾರಲು ನಿಶ್ಚಯಿಸಿದರು. ಒಬ್ಬನೇ ಹಾರಬೇಕಾದರೆ, ವಿಮಾನ ಮುರಿದಲ್ಲಿ ನಷ್ಟ ತುಂಬುವುದಕ್ಕಾಗಿ ಮುಂಗಡ ಠೇವಣಿ ಇಡಬೇಕೆಂದರು. ಆತನ ಬಳಿ ಅಷ್ಟು ಹಣವಿರಲಿಲ್ಲ.

ಅರೆಗಲಿತ ವಿದ್ಯೆ, ಬರಿದಾದ ಕಿಸೆ. ಇಂಥ ಸ್ಥಿತಿಯಲ್ಲಿ ಬಹುಮಂದಿ ಮನೆಗೆ ಮರಳುವರು. ಲಿಂಡ್‌ಬರ್ಗನಾದರೋ ವಿಮಾನದ ಬಳಿಯಲ್ಲಿರಲು ಅನುವಾಗುವ ಯಾವ ಕೆಲಸವಾದರೂ ಸರಿಯೆಂದು ನಿಶ್ಚಯಿಸಿದನು. ಊರೂರು ತಿರುಗಿ, ಹಣ ಪಡೆದು ಜನರನ್ನು ಹಾರಿಸಿ ತೋರಿಸುವ ಸಂಚಾರಿ ವೈಮಾನಿಕರು ಆಗ ಅಮೆರಿಕೆಯಲ್ಲಿ ಅನೇಕರಿದ್ದರು. ಅಂಥವರಿಗೆ ಸಹಾಯಕನಾಗಿ ಹೊರಟು ಯಂತ್ರಗಳನ್ನು ಒರೆಸಿದನು. ಜನರನ್ನು ಸೆಳೆಯಲು ಹಾರುತ್ತಿರುವ ವಿಮಾನದ ರೆಕ್ಕೆಯ ಮೇಲೆ ನಡೆದನು. ಪ್ಯಾರಾಶೂಟು ಕಟ್ಟಿಕೊಂಡು ಧುಮುಕಿದನು. ಮೊಂಟಾನದ ಬಿಲಿಂಗ್ಸ್‌ನಲ್ಲಿ ಮೆಕ್ಯಾನಿಕ್ಕನಾಗಿ ದುಡಿದನು. ಪ್ರಾಣವನ್ನು ಪಣಕ್ಕಿಡಲು ಆತನನ್ನು ಕರೆಯುವವರಿದ್ದರು, ವಿಮಾನದ ಚುಕ್ಕಾಣಿ ಕೊಡುವವರು ಮಾತ್ರ ಇರಲಿಲ್ಲ!

1923ರಲ್ಲಿ ಆತನು ಜಾರ್ಜಿಯದ ಅಮೆರಿಕಸ್ ಊರಿಗೆ ಹೋಗಿ, ಯುದ್ಧಾನಂತರ ಉಳಿದಿದ್ದ ಕರ್ಟಿಸ್ ಜೆನ್ನಿ ವಿಮಾನವೊಂದನ್ನು 500 ಡಾಲರಿಗೆ ಕೊಂಡನು. ಹಣವು ತಂದೆಯ ಜಾಮೀನಿನ ಮೇಲೆ ಪಡೆದ ಸಾಲ. ಆತನ ಚರಿತ್ರೆಯನ್ನು ಹೊಗಳುವವರು ಈ ಜಾಮೀನನ್ನು ಮರೆಯುವುದುಂಟು. ಅದಿಲ್ಲದೆ ಅಷ್ಟೇ ಧೈರ್ಯವಿದ್ದು ಹಿಂದುಳಿದವರ ಹೆಸರುಗಳು ನಮಗೆ ತಿಳಿಯವು. ವೈಮಾನಿಕರಿಗೆ ಸರಕಾರದ ಲೈಸೆನ್ಸು ಬೇಕೆಂಬ ನಿಯಮ ಅಮೆರಿಕೆಯಲ್ಲಿ ಆಗಿನ್ನೂ ಇರಲಿಲ್ಲವಾದುದರಿಂದ, ಕೊಳ್ಳುವವನಿಗೆ ಹಾರಲು ಬರುವುದೇ ಎಂದು ಯಾರೂ ಕೇಳಲಿಲ್ಲ. ಆರು ತಿಂಗಳಿಗೂ ಮಿಗಿಲಾಗಿ ಚುಕ್ಕಾಣಿ ಮುಟ್ಟದಿದ್ದ ಆತನ ಮೊದಲ ಪ್ರಯತ್ನವು ಒರಟಾಗಿ ನೆಲಕ್ಕೆ ಬಿದ್ದೇಳುವುದರಲ್ಲಿ ಮುಗಿಯಿತು. ಬೇರೊಂದು ವಿಮಾನ ಒಯ್ಯಲು ಬಂದಿದ್ದ ವೈಮಾನಿಕನೊಬ್ಬನು ಕಂಡು, ಜೊತೆಗೆ ಕುಳಿತು ಅರ್ಧ ಗಂಟೆ ತಿದ್ದಿಕೊಟ್ಟನು. ಅಂದು ಸಂಜೆ ಗಾಳಿ ಶಾಂತವಾದ ಮೇಲೆ ಲಿಂಡ್‌ಬರ್ಗನು ಒಬ್ಬನೇ ಮೇಲೇರಿದನು. ವಾರವೊಂದರಲ್ಲಿ ಐದು ಗಂಟೆಗಳ ಅಭ್ಯಾಸ ಮುಗಿಸಿ ಸಂಚಾರಕ್ಕೆ ಹೊರಟನು. ತಲೆಗೆ 5 ಡಾಲರಿನಂತೆ ಜನರನ್ನು ಹಾರಿಸುತ್ತ ಗಂಟೆಗಳನ್ನು ಕೂಡಿಸಿದನು.

1924ರ ಮಾರ್ಚಿಯಲ್ಲಿ ಸೈನ್ಯದ ವಿಮಾನಶಾಲೆಯನ್ನು ಸೇರಿದನು. ಸೇರಿದವರು 104 ಮಂದಿ, ಮರುವರ್ಷ ತೇರ್ಗಡೆಯಾದವರು 18 ಮಂದಿ, ಮೊದಲನೆಯವನು ಲಿಂಡ್‌ಬರ್ಗನು. ಆದರೂ ಸೈನ್ಯಕ್ಕೆ ಹೊಸ ವೈಮಾನಿಕರು ಬೇಕಾಗಿರಲಿಲ್ಲ. ಪ್ರಥಮ ಸ್ಥಾನದವನೂ ಮತ್ತೆ ಜಾತ್ರೆಗಳ ಮೈದಾನಕ್ಕೇ ಬಂದನು.

ಕಟ್ಟಕಡೆಗೆ 1925ರ ಅಕ್ಟೋಬರಿನಲ್ಲಿ ಸೇಂಟ್ ಲೂಯಿಸ್‌ನ ರಾಬರ್ಟ್‌ಸನ್ ಕಂಪೆನಿಯು ಅವನನ್ನು ಮುಖ್ಯ ವೈಮಾನಿಕನಾಗಿ ನೇಮಿಸಿತು. ಷಿಕಾಗೋಗೆ 278 ಮೈಲಿಗಳ ಹಾದಿಯಲ್ಲಿ ಟಪಾಲು ಒಯ್ಯುವ ಕೆಲಸವದು. ಮೊದಲ ಟಪಾಲು 1926ರ ಏಪ್ರಿಲ್ 15ರಂದು ಹೊರಟಿತು. ಮುಂದಿನ ಕೀರ್ತಿ ಎಲ್ಲರೂ ಬಲ್ಲದ್ದು. ಎರಡನೆಯ ಮಹಾಯುದ್ಧದ ಮುನ್ನ ಜರ್ಮನಿಯ ವಿಷಯದಲ್ಲಿ ಆತನು ತಳೆದ ನಿಲುವನ್ನು ನಾವು ಒಪ್ಪೆವು. ಅದು ಬೇರೆಯೇ ಪ್ರಸ್ತಾಪ. 1974ರ ಆಗಸ್ಟ್ 26ರಂದು ಹವಾಯಿ ದ್ವೀಪಗಳಲ್ಲಿ ತೀರಿಕೊಂಡನು.

ಆ ಟಪಾಲಿನ ದಿನಗಳದೊಂದು ಸಂಗತಿಯುಳಿದಿದೆ. 1926ರ ಸೆಪ್ಟೆಂಬರ್ 16ರ ರಾತ್ರಿ ಷಿಕಾಗೋದ ಸಮೀಪ ನೆಲವೆಲ್ಲ ಮಂಜಿನಿಂದ ಮುಚ್ಚಿ, ಪೆಟ್ರೋಲು ಮುಗಿದು, ಲಿಂಡ್‌ಬರ್ಗನು ಕತ್ತಲಿಗೆ ಧುಮುಕಿ ಪ್ಯಾರಾಶೂಟಿನಿಂದ ಜೋಳದ ಹೊಲವೊಂದರಲ್ಲಿ ಇಳಿದನು. ಅನಂತರ ವಿಮಾನ ಬಿದ್ದ ಸ್ಥಳವನ್ನು ಹುಡುಕಿ, ಟಪಾಲಿನ ಚೀಲಗಳನ್ನು ಹೊರತೆಗೆದು, ರೈಲಿನಲ್ಲಿ ಷಿಕಾಗೋಗೆ ಕಳುಹಿಸಿಕೊಟ್ಟನು.