ಎಲ್ಲ ಮನುಷ್ಯರು ಅಂದರೆ ಯಾರು ಯಾರು? – ಹಂಸಾ ಮೆಹತಾ ಅವರ ಬದುಕು

ಹಂಸಾ ಮೆಹತಾ ಎಂಬ ಹೆಸರನ್ನು ಪಠ್ಯಪುಸ್ತಕದ ಒಂದು ಸಾಲಿನಲ್ಲಿ ಓದಿ ಮರೆತವರೇ ನಮ್ಮಲ್ಲಿ ಹೆಚ್ಚು. ಸಂವಿಧಾನ ಸಭೆಯಲ್ಲಿದ್ದ 15 ಮಂದಿ ಮಹಿಳೆಯರಲ್ಲಿ ಒಬ್ಬರು ಅಂತ ರಸಪ್ರಶ್ನೆಯಲ್ಲಿ ಕೇಳ್ತಾರೆ, ಒಂದು ಅಂಕ ಸಿಗುತ್ತೆ, ಅಲ್ಲಿಗೆ ಮುಗೀತು. ಬಳಗದ ಈ ಸಂಚಿಕೆಗೆ ಗತಿಸಿದ ಹಿರಿಯರೊಬ್ಬರ ಜೀವನ ಬರೆದುಕೊಡಬೇಕು ಅಂದಾಗ ನಾನು ಇವರನ್ನು ಆರಿಸಿಕೊಂಡೆ. ಅದಕ್ಕೆ ಕಾರಣ ಒಂದು ಟೆನಿಸ್ ಕೋರ್ಟು. ಹಂಸಾಬೆನ್ ಟೆನಿಸ್ಸಿನಿಂದ ಹೆಸರು ಮಾಡಿದವರಲ್ಲ. ಆದರೆ ಹೆಣ್ಣಿಗೆ ಯಾವ ಬಾಗಿಲು ತೆರೆದಿದೆ, ಯಾವುದು ತೆರೆದಂತೆ ಕಂಡರೂ ಮುಚ್ಚಿದೆ ಎಂಬುದನ್ನು ಕಡೆತನಕ ಕೇಳುತ್ತಲೇ ಇದ್ದವರು. ಟೆನಿಸ್ ಕೋರ್ಟಿನ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಅವರ ಬದುಕು.

ಅವರು ಹುಟ್ಟಿದ್ದು 1897ರ ಜುಲೈ 3ರಂದು, ಗುಜರಾತಿನ ಸೂರತ್‌ನಲ್ಲಿ, ನಾಗರ ಬ್ರಾಹ್ಮಣರ ಮನೆಯಲ್ಲಿ. ಅಜ್ಜ ನಂದಶಂಕರ ಮೆಹತಾ 1866ರಲ್ಲಿ ಕರಣ ಘೇಲೋ ಬರೆದವರು. ಗುಜರಾತಿ ಭಾಷೆಯ ಮೊದಲ ಕಾದಂಬರಿ ಅಂತ ಅದನ್ನು ಎಣಿಸುತ್ತಾರೆ. ತಂದೆ ಮನುಭಾಯಿ ಮೆಹತಾ ಬರೋಡಾ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದು ಮುಂದೆ ಬರೋಡಾ ಸಂಸ್ಥಾನದ ದಿವಾನರಾದರು. ಹೀಗೆ ಪುಸ್ತಕಗಳಿಗೆ ಬರವಿಲ್ಲದ ಮನೆ. ಇಂಥ ಮನೆಯಲ್ಲಿ ಹುಟ್ಟಿದ್ದರಿಂದಲೇ ಆಯ್ತು, ಬಡವರ ಮನೆ ಹುಡುಗಿಗೆ ಆಗ್ತಿತ್ತೇ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಅಂಥದೇ ಮನೆಗಳಲ್ಲಿ ಹುಟ್ಟಿಯೂ ಅಡುಗೆಮನೆಯ ಹೊಸ್ತಿಲು ದಾಟದ ಹೆಣ್ಣುಮಕ್ಕಳು ಆ ಕಾಲದಲ್ಲಿ ಸಾವಿರಾರು ಮಂದಿ ಇದ್ದರು ಅನ್ನುವುದನ್ನೂ ಮರೆಯಬಾರದು.

ಬೆಳೆದದ್ದು ಬರೋಡಾದಲ್ಲಿ, ಅಂದರೆ ಇಂದಿನ ವಡೋದರಾದಲ್ಲಿ. ಅಲ್ಲಿ ಆಗ ಸಯಾಜಿರಾವ್ ಗಾಯಕವಾಡರ ಆಳ್ವಿಕೆ. ಅವರು 1906ರಲ್ಲಿ ಇಡೀ ಸಂಸ್ಥಾನಕ್ಕೆ ಅನ್ವಯವಾಗುವಂತೆ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದರು. ಗಂಡುಹುಡುಗರಿಗಷ್ಟೇ ಅಲ್ಲ, ಹುಡುಗಿಯರಿಗೂ. ರಾಣಿ ಚಿಮಣಾಬಾಯಿಯವರು ಪರದೆ ಪದ್ಧತಿಯನ್ನು ಬಿಟ್ಟು ಹೊರಬಂದವರು. 1927ರಲ್ಲಿ ಪುಣೆಯಲ್ಲಿ ಸೇರಿದ ಅಖಿಲ ಭಾರತ ಮಹಿಳಾ ಪರಿಷತ್ತಿನ ಮೊದಲ ಅಧಿವೇಶನಕ್ಕೆ ಅವರೇ ಅಧ್ಯಕ್ಷೆ. ಇಂಥ ಊರಿನಲ್ಲಿ ಓದಿದ ಹಂಸಾ 1918ರಲ್ಲಿ ಬರೋಡಾ ಕಾಲೇಜಿನಿಂದ ತತ್ತ್ವಶಾಸ್ತ್ರದಲ್ಲಿ ಆನರ್ಸ್ ಪದವಿ ಪಡೆದರು. ಮರುವರ್ಷ ಪತ್ರಿಕೋದ್ಯಮ ಕಲಿಯಲು ಇಂಗ್ಲೆಂಡಿಗೆ ಹೋದರು. ಅಲ್ಲಿ ಸರೋಜಿನಿ ನಾಯಿಡು ಅವರ ಪರಿಚಯವಾಯಿತು. 1920ರಲ್ಲಿ ಜಿನೀವಾದಲ್ಲಿ ನಡೆದ ಹೆಂಗಸರ ಮತದಾನದ ಹಕ್ಕಿನ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಅವರ ಜೊತೆಯಲ್ಲೇ ಹೋಗಿ ಬಂದರು.

1924ರಲ್ಲಿ ಡಾಕ್ಟರ್ ಜೀವರಾಜ ಮೆಹತಾ ಅವರನ್ನು ಮದುವೆಯಾದರು. ಅಡ್ಡಹೆಸರು ಒಂದೇ, ಜಾತಿ ಬೇರೆ. ಅವರು ವೈಶ್ಯರು. ಮೇಲಿನದು ಅನ್ನಿಸಿಕೊಂಡ ಜಾತಿಯ ಹುಡುಗಿ ಕೆಳಗಿನದು ಅನ್ನಿಸಿಕೊಂಡ ಜಾತಿಯ ಹುಡುಗನನ್ನು ಮದುವೆಯಾದರೆ ಶಾಸ್ತ್ರದವರು ಅದನ್ನು ಪ್ರತಿಲೋಮ ಅಂತಾರೆ. ನಾಗರ ಸಮಾಜದವರು ಸಿಟ್ಟಾದರು. ಮಹಾರಾಜರು ಮದುವೆಯ ಪರ ನಿಂತರು. ಹಂಸಾಬೆನ್ ತಮಗೆ ಸರಿ ಕಂಡದ್ದನ್ನು ಮಾಡಿದರು. ಅಷ್ಟೇ.

ಇನ್ನು 1930ನೆಯ ಇಸವಿ. ಮಾರ್ಚ್ 12ರಂದು ಗಾಂಧೀಜಿ ಅಹಮದಾಬಾದಿನ ಸಾಬರಮತಿ ಆಶ್ರಮದಿಂದ ಉಪ್ಪಿಗಾಗಿ ಹೊರಟರು. ಹೋಗಿ ಮುಟ್ಟಿದ್ದು ಆಗ ಸೂರತ್ ಜಿಲ್ಲೆಯಲ್ಲಿದ್ದ ದಾಂಡಿ. ಅವರೊಡನೆ ಆಶ್ರಮದಿಂದ ಹೊರಟ ತಂಡದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಈ ವಿಷಯ ಓದಿದಾಗ ನನಗೆ ಆಶ್ಚರ್ಯವಾಯಿತು. ಉಪ್ಪು ಯಾರ ಮನೆಯಲ್ಲಿ ಯಾರ ಕೈಯಲ್ಲಿ ಖರ್ಚಾಗುತ್ತದೆ ಹೇಳಿ! ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಗಾಂಧೀಜಿಯನ್ನೇ ಕಂಡು ಹೆಂಗಸರಿಗೂ ಅವಕಾಶ ಬೇಕು ಅಂತ ಒತ್ತಾಯ ಮಾಡಿದರು. ಆಮೇಲೆ ಚಳವಳಿಗೆ ಹೆಂಗಸರು ಪ್ರವಾಹದಂತೆ ಬಂದರು. ಮುಂಬಯಿಯಲ್ಲಿ ದೇಶಸೇವಿಕಾ ಸಂಘದ ಮುಂದಾಳುಗಳಲ್ಲಿ ಹಂಸಾಬೆನ್ ಒಬ್ಬರು. ವಿದೇಶಿ ಬಟ್ಟೆಯ ಅಂಗಡಿಗಳ ಮುಂದೆ ನಿಂತು ಪಿಕೆಟಿಂಗ್ ಮಾಡಿದರು, ಅದೇ ವರ್ಷ ಜೈಲಿಗೆ ಹೋದರು. 1932ರಲ್ಲಿ ಮತ್ತೆ ಜೈಲು.

1937ರಲ್ಲಿ ಪ್ರಾಂತಗಳ ಚುನಾವಣೆ ಬಂದಾಗ ಹೆಂಗಸರಿಗೆಂದು ಕಾದಿಟ್ಟ ಸ್ಥಾನ ಅವರಿಗೆ ಸಿಗುತ್ತಿತ್ತು. ಅದು ಬೇಡವೆಂದರು. ಸಾಮಾನ್ಯ ಸ್ಥಾನದಿಂದಲೇ ನಿಂತು ಗೆದ್ದು ಮುಂಬಯಿ ವಿಧಾನ ಪರಿಷತ್ತಿಗೆ ಬಂದರು. 1946ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಮಾತಾಡುವಾಗಲೂ ಇದೇ ನಿಲುವು: ಹೆಂಗಸರಿಗೆ ವಿಶೇಷ ರಿಯಾಯಿತಿ ಬೇಡ, ಸಾಮಾಜಿಕ, ಆರ್ಥಿಕ, ರಾಜಕೀಯ ನ್ಯಾಯ ಬೇಕು ಎಂದರು. ಇಲ್ಲಿ ನನಗೆ ಸ್ವಲ್ಪ ತಕರಾರಿದೆ. ಶತಮಾನಗಳಿಂದ ಹಿಂದೆ ಉಳಿದವರನ್ನು ಮುಂದಿದ್ದವರ ಜೊತೆ ಒಂದೇ ಗೆರೆಯ ಮೇಲೆ ನಿಲ್ಲಿಸಿ ಓಡಿ ಅಂದರೆ ಅದು ಓಟವೇ? ಆದರೆ ಅವರ ಮಾತಿನ ಒಳಗಿರುವ ಸ್ವಾಭಿಮಾನ ನನಗೆ ಅರ್ಥವಾಗುತ್ತದೆ. ದಯೆಯಿಂದ ಕೊಟ್ಟದ್ದನ್ನು ಬೇಡವೆಂದಾಗ ಕಿತ್ತುಕೊಳ್ಳಬಹುದು, ಹಕ್ಕಿನಿಂದ ಬಂದದ್ದನ್ನು ಅಷ್ಟು ಸುಲಭವಾಗಿ ಕಿತ್ತುಕೊಳ್ಳಲಾಗದು.

ಸಂವಿಧಾನ ಸಭೆಯ ಮೂಲಭೂತ ಹಕ್ಕುಗಳ ಉಪಸಮಿತಿಯಲ್ಲಿ ಇದ್ದ ಹೆಂಗಸರು ಇಬ್ಬರೇ. ಒಬ್ಬರು ಹಂಸಾಬೆನ್, ಇನ್ನೊಬ್ಬರು ರಾಜಕುಮಾರಿ ಅಮೃತ್ ಕೌರ್. ಅಮೃತ್ ಕೌರ್ ಟೆನಿಸ್ ಆಟದಲ್ಲಿ ಗಟ್ಟಿಗಿತ್ತಿ. ಆರೋಗ್ಯ ಮಂತ್ರಿಯಾದ ಮೇಲೆ 1953ರಲ್ಲಿ ಅವರ ಹೆಸರಿನಲ್ಲೇ ದೇಶದ ಆಟಗಾರರಿಗೆ ತರಬೇತಿ ಕೊಡುವ ಯೋಜನೆ ಶುರುವಾಯಿತು. ಆ ಉಪಸಮಿತಿಯಲ್ಲಿ ಆರಂಭವಾದ ಕೆಲಸವೇ ಮುಂದೆ ಸಂವಿಧಾನದ ಮೂಲಭೂತ ಹಕ್ಕುಗಳ ಭಾಗವಾಯಿತು. ಅದರಲ್ಲಿ 15ನೆಯ ಅನುಚ್ಛೇದವನ್ನು ಒಮ್ಮೆ ತೆರೆದು ನೋಡಿ. ಜಾತಿ, ಧರ್ಮಗಳ ಸಾಲಿನಲ್ಲೇ ಲಿಂಗವೂ ಬರುತ್ತದೆ. ಅಂಗಡಿ, ಹೋಟೆಲು, ಮನರಂಜನೆಯ ಸ್ಥಳಗಳಿಗೆ ಯಾರನ್ನೂ ಈ ಕಾರಣಗಳಿಂದ ತಡೆಯುವಂತಿಲ್ಲ. ಬಾವಿ, ಕೆರೆ, ರಸ್ತೆಗಳ ಜೊತೆಗೆ ಸರಕಾರದ ಹಣದಿಂದ ಪೂರ್ತಿಯಾಗಿಯೋ ಸ್ವಲ್ಪವಾಗಿಯೋ ನಡೆಯುವ ಸಾರ್ವಜನಿಕ ಸ್ಥಳಗಳಿಗೂ ಇದೇ ಮಾತು. ನಾವು ಇದನ್ನು ಕೆರೆ ಬಾವಿಗಳ ವಿಷಯ ಅಂತ ಮಾತ್ರ ಓದಿಕೊಂಡಿದ್ದೇವೆ. ಆಟದ ಮೈದಾನ ನಮ್ಮ ನೆನಪಿಗೆ ಬರುವುದಿಲ್ಲ.

1947ರ ಆಗಸ್ಟ್ 14ರ ರಾತ್ರಿ ಭಾರತದ ಮಹಿಳೆಯರ ಪರವಾಗಿ ರಾಷ್ಟ್ರಧ್ವಜವನ್ನು ಸಭೆಗೆ ಅರ್ಪಿಸಿದವರು ಹಂಸಾಬೆನ್. ಅದೇ ಹೊತ್ತಿಗೆ ಅವರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದಲ್ಲಿ ಭಾರತದ ಪ್ರತಿನಿಧಿ. ಆಯೋಗಕ್ಕೆ ಎಲೀನರ್ ರೂಸ್‌ವೆಲ್ಟ್ ಅಧ್ಯಕ್ಷೆ. ಘೋಷಣೆಯ ಕರಡಿನ ಮೊದಲ ವಾಕ್ಯದಲ್ಲಿ ಆಲ್ ಮೆನ್ ಎಂದಿತ್ತು. ಮೆನ್ ಅಂದರೆ ಇಂಗ್ಲಿಷಿನಲ್ಲಿ ಹೆಂಗಸರೂ ಸೇರಿದ ಹಾಗೆಯೇ ಎಂಬುದು ಎಲೀನರ್ ಅವರ ತಿಳುವಳಿಕೆ. ಹಂಸಾಬೆನ್ ಒಪ್ಪಲಿಲ್ಲ. ಸೇರಿದ ಹಾಗೆಯೇ ಎಂಬುದು ನಮ್ಮ ನಂಬಿಕೆ, ಕೆಲವು ದೇಶಗಳು ಬರೆದದ್ದನ್ನು ಬರೆದ ಹಾಗೆಯೇ ಓದಿ ಹೆಂಗಸರನ್ನು ಹೊರಗಿಡಬಹುದು ಎಂಬುದು ಅವರ ವಾದ. ಕೊನೆಗೆ ಆ ಜಾಗದಲ್ಲಿ ಆಲ್ ಹ್ಯೂಮನ್ ಬೀಯಿಂಗ್ಸ್ ಅಂತ ಬಂತು. 1948ರ ಡಿಸೆಂಬರ್ 10ರಂದು ಪ್ಯಾರಿಸ್ಸಿನಲ್ಲಿ ಘೋಷಣೆ ಅಂಗೀಕಾರವಾಯಿತು. ಒಂದು ಪದಕ್ಕೆ ಇಷ್ಟು ಜಗಳ ಬೇಕೇ ಅಂತೀರಾ? ಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

1949ರಲ್ಲಿ ವಡೋದರಾದಲ್ಲಿ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯ ಹುಟ್ಟಿತು. ಹಂಸಾಬೆನ್ ಅದರ ಮೊದಲ ವೈಸ್ ಚಾನ್ಸಲರ್. ಹುಡುಗ ಹುಡುಗಿಯರು ಒಟ್ಟಿಗೆ ಓದುವ ವಿಶ್ವವಿದ್ಯಾಲಯಕ್ಕೆ ನಮ್ಮ ದೇಶದಲ್ಲಿ ಹೆಂಗಸೊಬ್ಬರು ವೈಸ್ ಚಾನ್ಸಲರ್ ಆದದ್ದು ಅದೇ ಮೊದಲು. 1958ರವರೆಗೆ ನಡೆಸಿದರು. ಇಂದು ಹೆಸರಾಗಿರುವ ಅಲ್ಲಿಯ ಲಲಿತಕಲೆಗಳ ವಿಭಾಗ 1950ರಲ್ಲಿ ಅವರ ಕಾಲದಲ್ಲೇ ಶುರುವಾದದ್ದು. ಗೃಹವಿಜ್ಞಾನ, ಸಮಾಜಕಾರ್ಯ ವಿಭಾಗಗಳೂ ಹಾಗೆಯೇ. ನಡುವೆ ಮಕ್ಕಳ ಪುಸ್ತಕ ಬರೆದರು, ಷೇಕ್ಸ್‌ಪಿಯರನ ನಾಟಕಗಳನ್ನು ಗುಜರಾತಿಗೆ ತಂದರು. 1960ರಲ್ಲಿ ಗುಜರಾತ್ ಬೇರೆ ರಾಜ್ಯವಾಗಿ ಅಹಮದಾಬಾದಿನಲ್ಲಿ ಸರಕಾರ ಸೇರಿದಾಗ ಪತಿ ಜೀವರಾಜ ಮೆಹತಾ ಮೊದಲ ಮುಖ್ಯಮಂತ್ರಿ. ಇವರನ್ನು ಮುಖ್ಯಮಂತ್ರಿಯ ಹೆಂಡತಿ ಅಂತ ಪರಿಚಯ ಮಾಡಿಕೊಡುವ ಅಗತ್ಯ ಯಾರಿಗೂ ಇರಲಿಲ್ಲ. 1995ರ ಏಪ್ರಿಲ್ 4ರಂದು, 97ನೆಯ ವಯಸ್ಸಿನಲ್ಲಿ ತೀರಿಕೊಂಡರು. ವಡೋದರಾದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಅವರ ಹೆಸರೇ ಇದೆ.

ಈಗ ಟೆನಿಸ್ಸಿಗೆ ಬರೋಣ. ಇದು ಹೆಂಗಸರಿಗೆ ಬೇಗ ಬಾಗಿಲು ತೆರೆದ ಆಟ. ವಿಂಬಲ್ಡನ್ನಿನಲ್ಲಿ ಹೆಂಗಸರ ಪಂದ್ಯ 1884ರಿಂದಲೇ ಇದೆ. ನಮ್ಮ ಲೀಲಾ ರಾವ್ 1934ರಲ್ಲೇ ಅಲ್ಲಿ ಒಂದು ಪಂದ್ಯ ಗೆದ್ದರು. ಭಾರತದ ಹೆಣ್ಣುಮಗಳೊಬ್ಬಳು ಅಲ್ಲಿ ಗೆದ್ದದ್ದು ಅದೇ ಮೊದಲು. ಆದರೂ ಗಂಡಸರಷ್ಟೇ ಬಹುಮಾನದ ಹಣ ಅಲ್ಲಿ ಹೆಂಗಸರಿಗೆ ಸಿಕ್ಕಿದ್ದು 2007ರಲ್ಲಿ. ಸರಿ, ಹಣ ಸಮ ಆಯ್ತು. ಅಂಗಳ? ಮಾನವ ಹಕ್ಕುಗಳ ಘೋಷಣೆ ಆದ ಅದೇ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಓಪನ್ ನಡೆಯುತ್ತದೆ. ದೊಡ್ಡ ಕೋರ್ಟಿನಲ್ಲಿ ದೀಪದ ಬೆಳಕಿನಲ್ಲಿ ರಾತ್ರಿಗೊಂದೇ ಪಂದ್ಯ. 2021ರಲ್ಲಿ ಇದು ಶುರುವಾಯಿತು. ಅಲ್ಲಿಂದ 2025ರವರೆಗೆ ಆ ಹೊತ್ತಿನಲ್ಲಿ ಹೆಂಗಸರು ಆಡಿದ್ದು ನಾಲ್ಕೇ ನಾಲ್ಕು ಪಂದ್ಯ. 2024 ಮತ್ತು 2025ರಲ್ಲಂತೂ ಒಂದೂ ಇಲ್ಲ. ಹೆಂಗಸರು ಮೂರು ಸೆಟ್ಟಿನ ಆಟ ಆಡ್ತಾರೆ, ಬೇಗ ಮುಗಿದುಹೋದರೆ ಟಿಕೆಟ್ಟು ಕೊಂಡವರಿಗೆ ಮೋಸ ಅಂತ ಸಮಾಧಾನ ಹೇಳ್ತಾರೆ. ಹೆಂಗಸರು ಆಡಬಾರದು ಅಂತ ನಿಯಮ ಎಲ್ಲಿಯೂ ಇಲ್ಲ. ವೇಳಾಪಟ್ಟಿಯಲ್ಲಿ ಅವರ ಹೆಸರು ಮಾತ್ರ ಬರುವುದಿಲ್ಲ.

ಪ್ಯಾರಿಸ್ ದೂರವಾಯಿತು, ನಮ್ಮ ಕಾಲೇಜಿಗೆ ಬನ್ನಿ. ನಮ್ಮಲ್ಲಿಯೂ ಒಂದು ಟೆನಿಸ್ ಕೋರ್ಟಿದೆ. ಸಂಜೆ 4ರಿಂದ 6 ಗಂಟೆಯವರೆಗೆ ವಿದ್ಯಾರ್ಥಿಗಳಿಗೆ ಅಂತ ಬೋರ್ಡು ತೂಗುತ್ತದೆ. ನಾನು ಕಾಮರ್ಸ್ ಓದುವವಳು, ಲೆಕ್ಕದಲ್ಲಿ ಹೇಳುತ್ತೇನೆ. ಕ್ರೀಡಾ ಶುಲ್ಕ ಕಟ್ಟುವಾಗ ವಿದ್ಯಾರ್ಥಿ ಎಂಬ ಪದದಲ್ಲಿ ನಾವೂ ಸೇರಿದ್ದೇವೆ, ಹುಡುಗರು ಕಟ್ಟುವಷ್ಟೇ ನಾವೂ ಕಟ್ಟುತ್ತೇವೆ. ಕೋರ್ಟಿನ ಬೀಗದ ಕೈ ಕೇಳಲು ಹೋದಾಗ ಅದೇ ಪದದಿಂದ ನಾವು ಹೊರಗೆ. ಹುಡುಗರು ಆಡ್ತಿದ್ದಾರೆ, ಮುಗಿದ ಮೇಲೆ ಬನ್ನಿ ಅಂತಾರೆ. ಮುಗಿಯುವುದು 6ಕ್ಕೆ. ಹುಡುಗಿಯರ ಹಾಸ್ಟೆಲಿನ ಗೇಟು ಮುಚ್ಚುವುದು ಆರೂವರೆಗೆ. ಜಮೆಯಲ್ಲಿ ನಮ್ಮ ಹೆಸರಿದೆ, ಖರ್ಚಿನಲ್ಲಿ ಇಲ್ಲ. ಇಂಥ ಖಾತೆಯನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ.

ವಾರಕ್ಕೆ ಎರಡು ಸಂಜೆ ಹುಡುಗಿಯರಿಗೇ ಬಿಡಿ ಅಂತ ಕೆಲವು ಗೆಳತಿಯರು ಕೇಳಿದರು. ಸಮಾನತೆ ಬೇಕು ಅಂತೀರಿ, ಮತ್ತೆ ಮೀಸಲಾತಿ ಯಾಕೆ ಅಂತ ಹುಡುಗರು ನಕ್ಕರು. ಸರಿ, ಹಂಸಾಬೆನ್ ದಾರಿಯಲ್ಲೇ ಕೇಳೋಣ. ಕೋರ್ಟಿಗೆ ಒಂದು ರಿಜಿಸ್ಟರ್ ಇಡಲಿ. ಆಡಬೇಕೆನ್ನುವವರು ಹೆಸರು ಬರೆಯಲಿ, ಬರೆದ ಸರದಿಯಂತೆ ಅರ್ಧ ಗಂಟೆ ಆಡಲಿ. ಹುಡುಗನಾದರೂ ಸರಿ, ಹುಡುಗಿಯಾದರೂ ಸರಿ. ಹಾಗೆಯೇ ಬೋರ್ಡಿನ ಮೇಲೆ ವಿದ್ಯಾರ್ಥಿಗಳು ಅಂತ ಇರುವ ಕಡೆ ವಿದ್ಯಾರ್ಥಿನಿಯರು ಅಂತಲೂ ಸೇರಿಸಲಿ. ಅದರಲ್ಲಿ ನೀವು ಸೇರಿದ ಹಾಗೆಯೇ ಅಂತ ಯಾರಾದರೂ ಹೇಳಿದರೆ, ಹಂಸಾ ಮೆಹತಾ ಅವರಿಗೂ ಹಾಗೆಯೇ ಹೇಳಿದ್ದರು ಅಂತ ಉತ್ತರ ಕೊಡೋಣ. ಬಣ್ಣದ ಖರ್ಚು ಹೆಚ್ಚಾಗುತ್ತೆ ಅಂದರೆ, ನಾವು ಕಟ್ಟಿದ ಕ್ರೀಡಾ ಶುಲ್ಕದಲ್ಲೇ ಬರೆಸಬಹುದು.