ರಾಜ್ಯ ಕೈತಪ್ಪಿದರೂ ಚದುರಂಗದ ಮಣೆ ಬಿಡದ ಮುಮ್ಮಡಿ

ಹುಣಸೂರು: ಎಣಿಕೆಯಲ್ಲಿ ತನಗಿಂತ ಸಾವಿರ ಪಟ್ಟು ಬಲಶಾಲಿಯಾದ ಗಣಕಯಂತ್ರದ ಎದುರು ನುರಿತ ಚದುರಂಗ ಪಟು ಹೇಗೆ ಆಡಬೇಕು? ಕಳೆದ ಶತಮಾನದ ಕೊನೆಯಲ್ಲಿ ಜಗತ್ತನ್ನು ಕಾಡಿದ ಪ್ರಶ್ನೆಯಿದು. ಬಲಾಢ್ಯ ಎದುರಾಳಿಯೊಡನೆ ತಾಳ್ಮೆಯಿಂದ ಆಡುವ ಕಲೆಗೆ ಮೈಸೂರು ಸೀಮೆಯಲ್ಲಿ ಹಳೆಯ ನಿದರ್ಶನವೊಂದಿದೆ. ಅದು ಮುಮ್ಮಡಿ ಕೃಷ್ಣರಾಜ ಒಡೆಯರ ಬದುಕು.

ಐದರ ಹರೆಯದ ಅರಸ

ಮುಮ್ಮಡಿಯವರು ಜನಿಸಿದ್ದು 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ತಂದೆ ಖಾಸಾ ಚಾಮರಾಜ ಒಡೆಯರು 1796ರಲ್ಲೇ ತೀರಿಕೊಂಡರು. 1799ರ ಮೇ 4ರಂದು ಟಿಪ್ಪು ಸುಲ್ತಾನ್ ರಣರಂಗದಲ್ಲಿ ಮಡಿದ ಬಳಿಕ ಈಸ್ಟ್ ಇಂಡಿಯಾ ಕಂಪನಿಯು ಅದೇ ಜೂನ್ 30ರಂದು ಐದು ವರ್ಷದ ಬಾಲಕನನ್ನು ಮೈಸೂರಿನ ಗದ್ದುಗೆಯ ಮೇಲೆ ಕೂರಿಸಿತು. ರಾಣಿ ಲಕ್ಷ್ಮಮ್ಮಣ್ಣಿಯವರ ಆಸರೆ, ದಿವಾನ್ ಪೂರ್ಣಯ್ಯನವರ ಆಡಳಿತ. ಅಧಿಕಾರ ಅರಸರ ಕೈಗೆ ಬಂದದ್ದು 1811ರಲ್ಲಿ.

ಬಂದ ಅಧಿಕಾರ ಒಂದೊಂದೇ ಕಾಯಿಯಂತೆ ಕೈಜಾರತೊಡಗಿತು. ಅದರ ಮೊದಲ ಸೂಚನೆಗೆ ಹುಣಸೂರು ಸಾಕ್ಷಿ. ಫಿರಂಗಿ ಎಳೆಯುವುದರಲ್ಲಿ ಹೆಸರಾದ ಅಮೃತಮಹಲ್ ರಾಸುಗಳ ಉಸ್ತುವಾರಿ 1799ರ ನಂತರ ಅರಮನೆಗೆ ಸೇರಿತ್ತು. ತಳಿ ಕ್ಷೀಣಿಸುತ್ತಿದೆ ಎಂಬ ಕಾರಣಕ್ಕೆ 1813ರಲ್ಲಿ ಬ್ರಿಟಿಷ್ ಸೇನಾಡಳಿತ ಅದನ್ನು ತಾನೇ ವಹಿಸಿಕೊಂಡಿತು. ಹುಣಸೂರು ಆ ಇಲಾಖೆಯ ಕೇಂದ್ರವಾಗಿ ಬೆಳೆಯಿತು.

1830ರಲ್ಲಿ ನಗರ ಸೀಮೆಯ ರೈತರು ದಂಗೆ ಎದ್ದರು. ಅದನ್ನೇ ನೆಪವಾಗಿಸಿ ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ಇಡೀ ಆಡಳಿತವನ್ನು ಕಂಪನಿಯ ವಶಕ್ಕೆ ತೆಗೆದುಕೊಂಡನು. ಆಗ ಅರಸರಿಗೆ 37 ವರ್ಷ. ಉಳಿದ ಸುಮಾರು 37 ವರ್ಷ ಅವರು ಅಧಿಕಾರವಿಲ್ಲದ ಅರಸರಾಗಿಯೇ ಬಾಳಿದರು.

ಕುದುರೆಯ ಜಾಡು ಹಿಡಿದು

ಬಿಡುವು ದೊರೆತ ಅರಸರ ಮನಸ್ಸು ವಿದ್ಯೆ ಮತ್ತು ಕ್ರೀಡೆಗಳತ್ತ ಹೊರಳಿತು. 1833ರಲ್ಲಿ ಅವರು ಮೈಸೂರಿನಲ್ಲಿ ತೆರೆದ ಉಚಿತ ಇಂಗ್ಲಿಷ್ ಶಾಲೆಯೇ ಮುಂದೆ ಮಹಾರಾಜ ಕಾಲೇಜಿಗೆ ಮೂಲವಾಯಿತು. 1861ರಲ್ಲಿ ಜಗನ್ಮೋಹನ ಅರಮನೆ ಎದ್ದಿತು. ಅವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು. 36ರಿಂದ 360 ಎಲೆಗಳವರೆಗಿನ ಗಂಜೀಫಾ ಆಟಗಳ ವಿವರ ಅದರಲ್ಲಿದೆ.

ಅರಸರನ್ನು ಹೆಚ್ಚು ಸೆಳೆದದ್ದು ಚದುರಂಗದ ಕುದುರೆ. ಮಣೆಯ 64 ಮನೆಗಳನ್ನೂ ಕುದುರೆ ತಲಾ ಒಮ್ಮೆ ಮಾತ್ರ ಮುಟ್ಟಿ ಬರಬೇಕು ಎಂಬುದು ಹಳೆಯ ಸಮಸ್ಯೆ. ಒಂಬತ್ತನೆಯ ಶತಮಾನದ ರುದ್ರಟನ ಕಾವ್ಯಾಲಂಕಾರದಲ್ಲಿಯೂ ವೇದಾಂತ ದೇಶಿಕರ ಪಾದುಕಾಸಹಸ್ರದಲ್ಲಿಯೂ ಅರ್ಧ ಮಣೆಯ ಮೇಲಿನ ತುರಗಬಂಧವಿದೆ. ಆ ಪರಂಪರೆಯನ್ನು ಮುಮ್ಮಡಿಯವರು ಪೂರ್ಣ ಮಣೆಯ ಮೇಲೆ ಬೆಳೆಸಿದರು.

ಹೊರಟ ಮನೆಗೇ ಮರಳಬಲ್ಲ ಇಂತಹ ಜಾಡುಗಳು 13 ಲಕ್ಷ ಕೋಟಿಗೂ ಅಧಿಕ ಎಂಬ ಲೆಕ್ಕ ಗಣಕಯಂತ್ರದಿಂದ ದೊರೆತದ್ದು 1997ರಲ್ಲಿ. ಅಡ್ಡಸಾಲು, ಕಂಬಸಾಲುಗಳೆಲ್ಲ ಕೂಡಿದಾಗ 260 ಬರುವ ಜಾಡುಗಳು 140 ಮಾತ್ರ ಎಂದು ಯಂತ್ರಗಳು ಖಚಿತಪಡಿಸಿದ್ದು 2003ರಲ್ಲಿ. ಅರಸರ ಬಳಿ ಇದ್ದದ್ದು ಮಣೆ, ಲೇಖನಿ ಮತ್ತು ಬಿಡುವು. ಎಲ್ಲ ದಾರಿಗಳನ್ನೂ ಎಣಿಸುವುದು ಯಂತ್ರದ ಕ್ರಮ. ವಿನ್ಯಾಸವನ್ನು ಗುರುತಿಸಿ ಬೇಡದ ದಾರಿಗಳನ್ನು ಬಿಡುವುದು ಮನುಷ್ಯನ ಕ್ರಮ.

ಯಂತ್ರದ ಎದುರು ಮನುಷ್ಯ

ಅರಸರ ಕಾಲದಲ್ಲಿ ಚದುರಂಗ ಆಡುವ ಯಂತ್ರವೆಂದು ಯುರೋಪ್ ಬೆರಗಾದದ್ದು ಕೆಂಪೆಲೆನ್ 1770ರಲ್ಲಿ ಪ್ರದರ್ಶಿಸಿದ ತುರ್ಕಿ ಬೊಂಬೆಗೆ. ಅದರೊಳಗೆ ಮನುಷ್ಯನೇ ಅಡಗಿರುತ್ತಿದ್ದ. 1854ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೊಂಬೆ ಬೆಂಕಿಗೆ ಆಹುತಿಯಾಯಿತು. ಅದೇ ಊರಿನಲ್ಲಿ 1996ರಲ್ಲಿ ಗ್ಯಾರಿ ಕ್ಯಾಸ್ಪರೋವ್ ನಿಜವಾದ ಯಂತ್ರ ಡೀಪ್ ಬ್ಲೂ ವಿರುದ್ಧ 4-2ರಿಂದ ಗೆದ್ದರು. ಮರುವರ್ಷ ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸಬಲ್ಲ ಅದೇ ಯಂತ್ರಕ್ಕೆ ನ್ಯೂಯಾರ್ಕಿನಲ್ಲಿ ಸೋತರು.

ಆ ದಿನಗಳಲ್ಲಿ ಪಟುಗಳು ಕಂಡುಕೊಂಡ ಉಪಾಯ ಸರಳವಾಗಿತ್ತು. ಕಾಯಿಗಳು ತೆರೆದ ಮಣೆಯಲ್ಲಿ ಹೊಡೆದಾಡಿದರೆ ಎಣಿಕೆಯ ಬಲವುಳ್ಳ ಯಂತ್ರವೇ ಗೆಲ್ಲುತ್ತದೆ. ಕಾಲಾಳುಗಳಿಂದ ಮಣೆಯನ್ನು ಮುಚ್ಚಿ, ದೂರದ ಗುರಿಯಿಟ್ಟು ನಿಧಾನವಾಗಿ ಸಾಗಿದರೆ ಅದು ದಾರಿ ತಪ್ಪುತ್ತದೆ. 2003ರಲ್ಲಿ ಫ್ರಿಟ್ಜ್ ವಿರುದ್ಧದ ಒಂದು ಪಂದ್ಯವನ್ನು ಕ್ಯಾಸ್ಪರೋವ್ ಗೆದ್ದದ್ದು ಹೀಗೆಯೇ. ಆದರೆ ಎಚ್ಚರ ಒಂದು ಕ್ಷಣವೂ ತಪ್ಪುವಂತಿಲ್ಲ. 2006ರಲ್ಲಿ ಬಾನ್ ನಗರದಲ್ಲಿ ವ್ಲಾದಿಮಿರ್ ಕ್ರಾಮ್ನಿಕ್ ಒಂದೇ ನಡೆಯ ಶಹಮಾತನ್ನು ಕಾಣದೆ ಸೋತರು.

ಇಂದಿನ ಯಂತ್ರಗಳೆದುರು ಈ ಉಪಾಯವೂ ಸಾಲದು. ಈಗ ಪಟುಗಳು ಯಂತ್ರವನ್ನು ಗುರುವಾಗಿ ಬಳಸುತ್ತಾರೆ. ಆದರೂ ಮೊದಲು ತಾನೇ ಯೋಚಿಸಿ, ಬಳಿಕ ಯಂತ್ರವನ್ನು ಕೇಳುವವನಿಗೇ ಅದರಿಂದ ಲಾಭ ಹೆಚ್ಚು.

ಕೊನೆಯ ನಡೆ

ಅರಸರ ಎದುರಾಳಿಯೂ ಅಂಥದೇ ಬಲಶಾಲಿ. ನೇರ ಸೆಣಸಾಟದಲ್ಲಿ ಗೆಲ್ಲಲಾಗದೆಂದು ಅರಿತ ಅವರು ಆಯುಧ ಹಿಡಿಯಲಿಲ್ಲ. 1857ರಲ್ಲಿಯೂ ಕಂಪನಿಯ ವಿರುದ್ಧ ನಿಲ್ಲಲಿಲ್ಲ. ರಾಜ್ಯವನ್ನು ಮರಳಿಸಬೇಕೆಂದು ಮನವಿಯ ಮೇಲೆ ಮನವಿ ಸಲ್ಲಿಸಿದರು. ಗಂಡು ಸಂತಾನವಿಲ್ಲದೆ ರಾಜ್ಯ ಬ್ರಿಟಿಷರ ಪಾಲಾಗುವ ಭೀತಿ ಎದುರಾದಾಗ 1865ರಲ್ಲಿ ಚಾಮರಾಜೇಂದ್ರನನ್ನು ದತ್ತು ಪಡೆದರು. 1867ರಲ್ಲಿ ಅದಕ್ಕೆ ಸಮ್ಮತಿ ದೊರೆಯಿತು. 1868ರ ಮಾರ್ಚ್ 27ರಂದು ಅರಸರು ಕಣ್ಮುಚ್ಚಿದರು.

ಫಲ ಅವರಿಗೆ ಕಾಣಲಿಲ್ಲ. 1881ರಲ್ಲಿ ಮೈಸೂರು ರಾಜ್ಯ ಚಾಮರಾಜೇಂದ್ರ ಒಡೆಯರ ಕೈಗೆ ಮರಳಿತು. ಕುದುರೆ ಜಾಡಿನ ಅರಸರ ಊರಾದ ಮೈಸೂರಿನಿಂದಲೇ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ಹೊರಹೊಮ್ಮಿದರು.